ಎರಡು ಪಟ್ಟಿ, ಒಬ್ಬ ಎ ನೆಗೆಟಿವ್ ದಾನಿ

ಮಧ್ಯಾಹ್ನ ಮೂರಕ್ಕೆ ನಮ್ಮ ರಕ್ತನಿಧಿಯ ಪ್ರಿಂಟರಿನಿಂದ ಎರಡು ಪಟ್ಟಿಗಳು ಹೊರಬರುತ್ತಿದ್ದವು. ಒಂದು ಹಳೆಯ ಡೇಟಾಬೇಸಿನದು, ಇನ್ನೊಂದು ಹೊಸದರದ್ದು. ಎರಡರಲ್ಲೂ ಇರಬೇಕಾದದ್ದು ಒಂದೇ: ಇವತ್ತು ಫೋನ್ ಮಾಡಿದರೆ ಬಂದು ರಕ್ತ ಕೊಡಬಹುದಾದವರ ಹೆಸರುಗಳು. ಹಳೆಯದನ್ನು ಒಮ್ಮೆಲೇ ಮುಚ್ಚಿ ಹೊಸದಕ್ಕೆ ಹಾರುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಹಾಗಾಗಿ ಒಂದು ತಿಂಗಳು ಎರಡನ್ನೂ ಅಕ್ಕಪಕ್ಕ ಓಡಿಸುವುದು, ದಿನಾ ತಾಳೆ ನೋಡುವುದು ಎಂದಾಗಿತ್ತು. ಕೊಡಿಯಾಲ್‌ಬೈಲಿನ ಆ ಕಟ್ಟಡದಲ್ಲಿ ನಾನು ಮೇಲ್ವಿಚಾರಕಿ. ತಾಳೆ ನೋಡುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ದಿನವೇ ನಲವತ್ತರಷ್ಟು ಹೆಸರು ಹೊಂದಲಿಲ್ಲ. ಹೊಸದರಲ್ಲಿದ್ದವರು ಹಳೆಯದರಲ್ಲಿ ಇಲ್ಲ. ಒಮ್ಮೆ ಕೊಟ್ಟವರನ್ನು ಕನಿಷ್ಠ ಮೂರು ತಿಂಗಳು ಮತ್ತೆ ಕರೆಯುವಂತಿಲ್ಲ, ಹಾಗಾಗಿ ಕೊನೆಯ ಸಲ ಕೊಟ್ಟ ದಿನಾಂಕ ಈಚಿನದಾಗಿದ್ದರೆ ಹೆಸರು ಪಟ್ಟಿಗೆ ಬರುವುದಿಲ್ಲ. ಕಂಪ್ಯೂಟರ್ ಕಂಪನಿಯಿಂದ ಬರುತ್ತಿದ್ದ ಇಂಜಿನಿಯರ್, ಬಿಕರ್ನಕಟ್ಟೆಯಿಂದ ಬಸ್ಸಲ್ಲಿ ಬರುವ ಹೆಂಗಸು, ನೋಡಿ ನಕ್ಕಳು. "ಹಳೆಯದರಲ್ಲಿ ಕೊನೆಯ ಸಲ ರಕ್ತ ಕೊಟ್ಟ ದಿನಾಂಕವನ್ನು ಕೈಯಲ್ಲಿ ಟೈಪ್ ಮಾಡ್ಲಿಕ್ಕೆ ಆಗ್ತದೆ ಮೇಡಂ. ಹೊಸದರಲ್ಲಿ ಆಗುವುದಿಲ್ಲ, ಅದು ರಕ್ತದ ಚೀಲದ ನಂಬರ್ ನೋಡಿ ತಾನೇ ತೆಗೆದುಕೊಳ್ತದೆ. ಯಾರೋ ಟೈಪ್ ಮಾಡುವಾಗ ತಪ್ಪಿದ್ದಾರೆ, ಅಷ್ಟೆ." ಸಂಜೆಯೊಳಗೆ ಇಬ್ಬರೂ ಕೂತು ಹಳೆಯದರಲ್ಲಿ ಆ ನಲವತ್ತನ್ನೂ ಸರಿ ಮಾಡಿದೆವು.

ಮರುದಿನ ಮೂರಕ್ಕೆ ನೋಡಿದರೆ ಒಂಬತ್ತು ಹೆಸರು ಮತ್ತೆ ಮಾಯ. ನಾವೇ ತಿದ್ದಿದ ದಿನಾಂಕಗಳು ತಿರುಗಿ ಸುಳ್ಳಾಗಿದ್ದವು. ಅದರ ಮರುದಿನ ಹದಿನಾಲ್ಕು.

ಟೈಪ್ ಮಾಡುವ ಕೈ ಒಮ್ಮೆ ತಪ್ಪಬಹುದು. ತಿದ್ದಿದ್ದನ್ನು ಹುಡುಕಿ ಪುನಃ ಕೆಡಿಸುವುದು ಕೈತಪ್ಪಲ್ಲ. ನನ್ನ ಕಣ್ಣು ನೇರ ಕಿಟಕಿಯ ಪಕ್ಕದ ಮೇಜಿಗೆ ಹೋಯಿತು. ಅಲ್ಲಿ ಕೂರುತ್ತಿದ್ದವರು ನಮ್ಮ ದಾಖಲೆ ವಿಭಾಗದ ಹಿರಿಯರು. ಗದ್ದೆ ತೋಟ ಇದ್ದ ತುಳು ಮನೆತನದವರು, ನಿವೃತ್ತಿಗೆ ಎರಡು ವರ್ಷ ಬಾಕಿ. ನಾವೆಲ್ಲ ಅಣ್ಣ ಅಂತಲೇ ಕರೆಯುತ್ತಿದ್ದೆವು. ಹೊಸ ಡೇಟಾಬೇಸಿನ ಮಾತು ಬಂದ ದಿನವೇ ಅವರು, "ಇದ್ದದ್ದಕ್ಕೆ ಎಂತ ಆಗಿದೆ ಮಾರಾಯ್ರೆ?" ಎಂದು ಎದ್ದು ಹೋಗಿದ್ದರು. ಹೊಸದು ಲೆಕ್ಕ ತಪ್ಪುತ್ತದೆ ಎಂದು ತೋರಿಸಿದರೆ ಅದು ಬಾರದೇ ಹೋದೀತು ಎಂಬ ಉಪಾಯ ಇರಬಹುದು. ಹಾಗೆ ಒಮ್ಮೆ ತಲೆಗೆ ಹೊಕ್ಕದ್ದೇ, ಅವರು ಮಾಡಿದ್ದೆಲ್ಲ ಅದಕ್ಕೆ ಸಾಕ್ಷಿಯಾಗತೊಡಗಿತು. ಊಟಕ್ಕೆ ಎಲ್ಲರಿಗಿಂತ ಕಡೆಗೆ ಏಳುವುದು. ಫೋನ್ ಬಂದರೆ ವರಾಂಡಕ್ಕೆ ಹೋಗಿ ತುಳುವಿನಲ್ಲಿ ಮೆಲ್ಲಗೆ ಮಾತಾಡುವುದು. ನಾನು ಹತ್ತಿರ ಹೋದರೆ ಕನ್ನಡಕ ತೆಗೆದು ಒರೆಸುವುದು.

ನಾನು ಕೇಳಲಿಲ್ಲ. ಬದಲಿಗೆ ಫೈಲು ಹುಡುಕುವ ನೆಪದಲ್ಲಿ ಅವರ ಬೆನ್ನ ಹಿಂದಿನ ಕಪಾಟಿನ ಹತ್ತಿರ ಸುಳಿಯತೊಡಗಿದೆ. ಮೂರನೆಯ ದಿನ ಕಣ್ಣಾರೆ ಕಂಡೆ: ಹಳೆಯ ಪರದೆ, ಒಬ್ಬ ದಾನಿಯ ಪುಟ, ಅಣ್ಣನ ಬೆರಳು ಮೇ ತಿಂಗಳನ್ನು ಅಳಿಸಿ ಆಗಸ್ಟ್ ಎಂದು ಒತ್ತಿತು. ನಾನು ಮೊಬೈಲಿನಲ್ಲಿ ಫೋಟೋ ತೆಗೆದೆ. ಹದಿನೈದು ವರ್ಷ ಒಂದೇ ಕೋಣೆಯಲ್ಲಿ ಕೂತವರ ಫೋಟೋವನ್ನು ಕಳ್ಳರ ಹಾಗೆ ಹಿಂದಿನಿಂದ ತೆಗೆದಿದ್ದೆ.

ಅದನ್ನು ವೈದ್ಯಾಧಿಕಾರಿಗೆ ತೋರಿಸುವ ಮೊದಲೇ ಬೇರೆ ಕೆಲಸ ಬಂತು. ಮರುದಿನ ಬೆಳಿಗ್ಗೆ ಶಸ್ತ್ರಚಿಕಿತ್ಸೆ ಆಗಬೇಕಿದ್ದ ಒಬ್ಬ ಹೆಂಗಸಿಗೆ ಎ ನೆಗೆಟಿವ್ ರಕ್ತ ಬೇಕು ಎಂದು ಆಸ್ಪತ್ರೆಯಿಂದ ಕರೆ ಬಂತು. ನಮ್ಮ ಫ್ರಿಜ್ಜಿನಲ್ಲಿ ಅದು ಇರಲಿಲ್ಲ. ಹಳೆಯ ಪಟ್ಟಿಯಲ್ಲಿ ಆ ಗುಂಪಿನವರು ಯಾರೂ ಇಲ್ಲ. ಹೊಸದರಲ್ಲಿ ಒಬ್ಬರಿದ್ದರು. ಬಂದರಿನಲ್ಲಿ ಮೆಣಸು, ಶುಂಠಿಯ ಸಗಟು ಅಂಗಡಿ ಇಟ್ಟುಕೊಂಡಿದ್ದ ಬ್ಯಾರಿ ವ್ಯಾಪಾರಿ, ನಮಗೆಲ್ಲ ಕಾಕಾ. ವರ್ಷಕ್ಕೆ ಮೂರು ಸಲ ತಪ್ಪದೆ ಬಂದು ಕೊಡುತ್ತಿದ್ದವರು. ನಾನು ಫೋಟೋ ತೆಗೆದಾಗ ಅಣ್ಣ ದಿನಾಂಕ ಬದಲಿಸುತ್ತಿದ್ದದ್ದು ಇವರ ಪುಟದಲ್ಲೇ.

ನಾನು ಫೋನ್ ಎತ್ತಿದ್ದು ಕಂಡು ಅಣ್ಣ ಎದ್ದು ಬಂದರು.

"ಕಾಕಾನಿಗೆ ಮಾಡುವುದಾ? ಬೇಡ."

"ಯಾಕೆ ಬೇಡ? ಅವರು ಕೊಟ್ಟು ನಾಲ್ಕು ತಿಂಗಳಾಯ್ತು. ಚೀಲದ ನಂಬರ್ ಉಂಟು ನನ್ನಲ್ಲಿ."

"ನಾನು ಹೇಳ್ತೇನೆ ಬೇಡ ಅಂತ. ಬೇರೆ ಕಡೆ ಕೇಳುವ."

"ನಿಮ್ಮ ಪಟ್ಟಿ ಗೆಲ್ಲಬೇಕು ಅಂತ ಆ ಹೆಂಗಸಿಗೆ ರಕ್ತ ಸಿಗದೆ ಹೋಗ್ಬೇಕಾ ಅಣ್ಣ?"

ಅವರ ಮುಖ ಸಣ್ಣದಾಯಿತು. ನಾನು ಅದನ್ನೂ ಸಿಕ್ಕಿಬಿದ್ದವರ ಲಕ್ಷಣ ಎಂದುಕೊಂಡು ನಂಬರ್ ಒತ್ತಿದೆ. ಕಾಕಾ ಎರಡನೇ ಮಾತಿಲ್ಲದೆ, "ಈಗ ಬರ್ತೇನೆ ಮೇಡಂ" ಎಂದರು.

ಅರ್ಧ ಗಂಟೆಯಲ್ಲಿ ಆಟೋ ಇಳಿದು ಬಂದರು. ಮೆಟ್ಟಿಲು ಹತ್ತಿದ್ದಕ್ಕೇ ಉಸಿರು ಮೇಲೆ ಕೆಳಗೆ. ದಾನಿಗಳ ಫಾರ್ಮು ಕೈಗೆ ಕೊಟ್ಟೆ. ಕಾಯಿಲೆ ಏನಾದರೂ ಉಂಟಾ ಎಂಬ ಪ್ರಶ್ನೆಯ ಹತ್ತಿರ ಅವರ ಪೆನ್ನು ನಿಂತಿತು. ಅಣ್ಣ ಬಂದು ಪಕ್ಕದಲ್ಲಿ ಕೂತು, "ಕಾಕಾ, ಇನ್ನು ಹೇಳಿಬಿಡಿ" ಎಂದರು.

ಕಾಕಾ ಟೊಪ್ಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. ಕಳೆದ ಸಲ ರಕ್ತ ಕೊಟ್ಟು ಒಂದು ವಾರದೊಳಗೆ ಗೋದಾಮಿನಲ್ಲಿ ತಲೆ ತಿರುಗಿ ಬಿದ್ದಿದ್ದರಂತೆ. ಹೃದಯಕ್ಕೆ ಮಾತ್ರೆ ಶುರುವಾಗಿದೆ, ಇನ್ನು ರಕ್ತ ಕೊಡಬಾರದು ಎಂದಿದ್ದಾರಂತೆ ಡಾಕ್ಟ್ರು. ಮನೆಯಲ್ಲಿ ಗೊತ್ತಿಲ್ಲ.

"ಕಾಯಿಲೆ ಅಂತ ಬರೆದು ನನ್ನ ಹೆಸರಿಗೆ ಗೆರೆ ಎಳೀಬೇಡಿ ಅಂದೆ ಇವರಲ್ಲಿ. ಸ್ವಲ್ಪ ಸಮಯ ಕರೀಬೇಡಿ, ಅಷ್ಟೇ ಸಾಕು ಅಂದೆ. ನೀವು ಕರೆದ್ರೆ ನನಗೆ ಇಲ್ಲ ಅನ್ಲಿಕ್ಕೆ ಬರುವುದಿಲ್ಲ ಮೇಡಂ."

ನಾನು ಫಾರ್ಮನ್ನು ಅವರ ಕೈಯಿಂದ ಮೆಲ್ಲಗೆ ತೆಗೆದುಕೊಂಡೆ. ಕಾಕಾ ತಾವೇ ಮಗಳಿಗೆ ಫೋನ್ ಮಾಡಿದರು. ಕಾಲೇಜಿನಲ್ಲಿ ಕಲಿಸುವ ಮಗಳು, ಅವಳದ್ದೂ ಅದೇ ಗುಂಪು. ಹಿಂದೆ ಎರಡು ಸಲ ಕೊಡುತ್ತೇನೆ ಎಂದಾಗ ನಾನಿದ್ದೇನಲ್ಲ ಎಂದು ಇವರೇ ತಡೆದಿದ್ದರಂತೆ. ಅವಳು ಬಂದಳು, ತಂದೆಯ ಬಾಯಿಂದಲೇ ವಿಷಯ ಕೇಳಿದಳು, ಅತ್ತಳು, ಬೈದಳು, ಆಮೇಲೆ ಮಂಚದ ಮೇಲೆ ಮಲಗಿ ಕೈ ಚಾಚಿದಳು. ಪರೀಕ್ಷೆಗಳೆಲ್ಲ ಮುಗಿದು ಚೀಲ ಹೊತ್ತಿಗೆ ಸರಿಯಾಗಿ ಆಸ್ಪತ್ರೆ ತಲುಪಿತು. ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು ಎಂದು ಮರುದಿನ ತಿಳಿಯಿತು.

ಆಮೇಲೆ ಅಣ್ಣನ ಹತ್ತಿರ ಹೋಗಿ ಕೂತೆ. ಉಳಿದ ಹೆಸರುಗಳಿಗೂ ಒಂದೊಂದು ಕತೆ ಇತ್ತು. ಒಬ್ಬರ ಹೆಂಡತಿ ತೀರಿಕೊಂಡು ತಿಂಗಳಾಗಿಲ್ಲ. ಇನ್ನೊಬ್ಬರು ಊರಲ್ಲಿಲ್ಲ, ಕುವೈತಿನಲ್ಲಿ. ಹಳೆಯ ಡೇಟಾಬೇಸಿನಲ್ಲಿ ಇಂಥದ್ದನ್ನು ಬರೆಯಲಿಕ್ಕೆ ಜಾಗ ಇರಲಿಲ್ಲ. ಹಾಗಾಗಿ ದಿನಾಂಕವನ್ನು ಮುಂದೆ ತಳ್ಳುವುದು ಅವರು ಕಂಡುಕೊಂಡ ದಾರಿ. ಹಾಗಂತ ಎಲ್ಲವೂ ಕರುಣೆಯಲ್ಲ. ಒಬ್ಬರ ಹೆಸರಿಗೆ ಬೆರಳಿಟ್ಟು ಕೇಳಿದರೆ, "ಅವರು ಬಂದ್ರೆ ಒಂದು ಗಂಟೆ ರಾಜಕೀಯ ಮಾತಾಡಿ ತಲೆ ತಿನ್ತಾರೆ" ಎಂದರು. ನನ್ನ ಸಂಶಯ ಪೂರ್ತಿ ಸುಳ್ಳಾಗಿರಲಿಲ್ಲ ಎಂದು ಒಳಗೊಳಗೇ ಸಮಾಧಾನವಾಯಿತು, ಅದಕ್ಕೆ ನಾಚಿಕೆಯೂ ಆಯಿತು.

"ಇದನ್ನೆಲ್ಲ ನನಗೆ ಹೇಳ್ಬಹುದಿತ್ತಲ್ಲ ಅಣ್ಣ? ನೀವು ರಜೆಯಲ್ಲಿದ್ದಿದ್ರೆ ನಿನ್ನೆ ಎಂತ ಆಗ್ತಿತ್ತು?"

"ಅದು ನನ್ನ ತಪ್ಪು, ಒಪ್ತೇನೆ" ಎಂದರು. "ಆದ್ರೆ ನೀವು ಕಪಾಟಿನ ಹತ್ತಿರ ಸುಳಿಯುವುದು ನನಗೆ ಕಾಣ್ತಿತ್ತು ಮೇಡಂ. ಒಂದು ಸಲ ಕೇಳಿದ್ರೆ ಹೇಳ್ತಿದ್ದೆ."

ಇಂಜಿನಿಯರ್ ಹೊಸದರಲ್ಲಿ 'ಸದ್ಯ ಕರೆಯಬೇಡಿ' ಎಂಬ ಕಾಲಂ ಸೇರಿಸಿ, ಪಕ್ಕದಲ್ಲಿ ಕಾರಣಕ್ಕೂ ಜಾಗ ಬಿಟ್ಟಳು. ಎರಡು ದಿನ ಅಣ್ಣ ನೆನಪಿನಿಂದ ಹೇಳುತ್ತಾ ಹೋದರು, ಅವಳು ತುಂಬಿಸುತ್ತಾ ಹೋದಳು. ತಿಂಗಳ ಕೊನೆಗೆ ಪಟ್ಟಿಗಳು ಹೊಂದಿದವು, ಹಳೆಯದನ್ನು ಮುಚ್ಚಿದೆವು.

ಮೊಬೈಲಿನಲ್ಲಿದ್ದ ಆ ಫೋಟೋವನ್ನು ಅಳಿಸಿದೆ. ಫೋಟೋ ತೆಗೆದದ್ದನ್ನು ಮಾತ್ರ ಅಣ್ಣನಿಗೆ ಇವತ್ತಿನವರೆಗೂ ಹೇಳಿಲ್ಲ.