ದೊಡ್ಡವ್ವ ಪಿನ್ನು ಚುಚ್ಚಿದ ಹೋಳಿಗೆ

ಅವ್ವನ ರಕ್ತದ ಕ್ಯಾನ್ಸರಿಗೆ ವಿಕಿರಣವೂ ಸೇರಿ ಎಲ್ಲ ಚಿಕಿತ್ಸೆ ಮುಗಿದಿತ್ತು. ಇನ್ನು ಕೆಲವು ತಿಂಗಳು ಸಣ್ಣ ಸೋಂಕೂ ಅಪಾಯ, ಊಟದಲ್ಲಿ ಬ್ಯಾಕ್ಟೀರಿಯಾ ಇರಲೇಬಾರದು ಎಂದು ಹೇಳಿ ಡಾಕ್ಟರು ಬೀದರಿನ ಮನೆಗೆ ಕಳಿಸಿದ್ದರು. ಔರಾದದ ಶಾಲೆಯಲ್ಲಿ ಗಟ್ಟಿ ದನಿಯಲ್ಲಿ ಪಾಠ ಹೇಳಿದವಳು ಈಗ ಗಂಜಿಯ ಬಟ್ಟಲನ್ನು ಮಾತಿಲ್ಲದೆ ಪಕ್ಕಕ್ಕೆ ಸರಿಸುತ್ತಿದ್ದಳು. ಯಾವುದಕ್ಕೂ ರುಚಿಯಿಲ್ಲ. ತೂಕ ಇಳಿಯುತ್ತಲೇ ಇತ್ತು. ಒಂದು ದಿನ, ಅಕ್ಕನ ಹೋಳಿಗೆಯಾದರೆ ತಿಂದೇನು ಎಂದಳು.

ಅವಳ ಅಕ್ಕ, ಅಂದರೆ ನಮ್ಮ ದೊಡ್ಡವ್ವ, ಭಾಲ್ಕಿಯಲ್ಲಿ ಖಾನಾವಳಿ ನಡೆಸುತ್ತಾಳೆ. ನಾನು ಕೆಲಸ ಮಾಡುವುದು ಜೀವಾಣುಗಳನ್ನು ಕೊಲ್ಲಲು ಆಹಾರಕ್ಕೆ ಗಾಮಾ ಕಿರಣ ಹಾಯಿಸುವ ಪ್ರಯೋಗಾಲಯವೊಂದರಲ್ಲಿ. ಡಾಕ್ಟರನ್ನೂ ನಮ್ಮ ಮೇಲಿನವರನ್ನೂ ಕೇಳಿ, ದೊಡ್ಡವ್ವ ಮಾಡಿಕೊಟ್ಟ ಹೋಳಿಗೆಯನ್ನು ಒಂದೊಂದಾಗಿ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಸೀಲ್ ಮಾಡಿ, ಕಿರಣ ಹಾಯಿಸಿ ತಂದೆ.

"ದವಾಖಾನ್ಯಾಗ ನಿಮ್ಮವ್ವಗ ಕರೆಂಟ್ ಕೊಟ್ರು, ನೀ ಹೋಳಿಗಿಗೂ ಕೊಟ್ಕೊಂಡು ಬಂದಿ!" ಎಂದು ತಂಗಿಯನ್ನು ನೋಡಲು ಬೀದರಿಗೆ ಬಂದಿದ್ದ ದೊಡ್ಡವ್ವ ನಕ್ಕಳು.

ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವಳು ಸೆರಗಿನ ಪಿನ್ನು ತೆಗೆದು ಪೊಟ್ಟಣಗಳಿಗೆ ಚುಚ್ಚುತ್ತಾ ಕೂತಿದ್ದಳು.

"ದೊಡ್ಡವ್ವಾ! ಏನ್ ಮಾಡ್ಲಿಕತ್ತಿ?"

"ಒಳಗ ಬೆವರ್ಯಾವ ನೋಡು. ಹಿಂಗೇ ಬಿಟ್ರ ಬೂಸ್ರು ಹಿಡಿತದ. ಖಾನಾವಳ್ಯಾಗ ಪಾರ್ಸಲ್‌ಗೆಲ್ಲಾ ನಾ ತೂತು ಹಾಕ್ತೇನಿ. ಓದಿದಾಕಿಗಿ ಇಷ್ಟೂ ತಿಳಿಯಂಗಿಲ್ಲೇನು?"

ಕಿರಣ ಒಮ್ಮೆ ಹಾಯ್ದು ಹೋಗುತ್ತದೆ, ಆಮೇಲೆ ಒಳಗೆ ಕಾವಲು ಕೂತಿರುವುದಿಲ್ಲ, ತೂತಿನಿಂದ ಜೀವಾಣು ಮತ್ತೆ ಸೇರುತ್ತವೆ ಎಂದೆ. ಅವಳ ಮುಖ ಸಣ್ಣದಾಯಿತು.

"ಅಂದ್ರ ನನ್ನ ಕೈ ಹತ್ತಿ ಕೆಟ್ಟವು."

ಬಿಸಿ ಪಾರ್ಸಲ್ಲಿಗೆ ಅವಳು ಮಾಡುವುದು ಸರಿಯೇ. ಈ ಪೊಟ್ಟಣದ ವಿಷಯವನ್ನು ನಾನು ಮೊದಲೇ ಹೇಳಬೇಕಿತ್ತು. ಇದನ್ನು ಅವಳೆದುರು ಒಪ್ಪಿಕೊಳ್ಳಲೂ ನಾನು ತಡಮಾಡಿದೆ.

ಕೊನೆಯ ಎರಡನ್ನು ಅವಳು ಇನ್ನೂ ಮುಟ್ಟಿರಲಿಲ್ಲ. ಅವನ್ನು ನೀರಿನ ಬೋಗುಣಿಯಲ್ಲಿ ಒತ್ತಿ ಹಿಡಿದೆ.

"ಸೈಕಲ್ ಪಂಚರ್ ನೋಡ್ದಂಗಾತಲ್ಲ," ಎಂದಳು, ಮೆಲ್ಲಗೆ.

ಗುಳ್ಳೆ ಏಳಲಿಲ್ಲ. ಹೊರಭಾಗ ಒರೆಸಿ, ಕುದಿನೀರಿನಲ್ಲಿ ತೊಳೆದ ತಟ್ಟೆಗೆ ಒಂದನ್ನು ಬಿಚ್ಚಿ ಹಾಕಿದೆ.

ಅವ್ವ ಅಂಚಿನಿಂದ ಒಂದು ಚೂರು ಮುರಿದು ತುಂಬ ಹೊತ್ತು ಅಗಿದಳು. ನಾವಿಬ್ಬರೂ ಅವಳ ಗಂಟಲನ್ನೇ ನೋಡುತ್ತಿದ್ದೆವು.

"ಅಕ್ಕಾ, ಯಾಲಕ್ಕಿ ಜಾಸ್ತಿ ಆಗ್ಯಾದ."

"ನೋಡು, ತಪ್ಪು ತೆಗಿಲಿಕ್ಕಿ ಶುರು ಮಾಡಿದ್ರು ನಮ್ಮ ಟೀಚರಬಾಯಿ!" ಎಂದ ದೊಡ್ಡವ್ವ ಕಣ್ಣೊರೆಸಿಕೊಂಡಳು.

ಅವ್ವ ಇನ್ನೊಂದು ಚೂರು ಮುರಿದಳು.