ಏರಿಯ ಮೇಲಿನ ಹಸಿ ಮಣ್ಣು

ಭಾಲ್ಕಿಯ ಹತ್ತಿರದ ನಮ್ಮೂರಿನಲ್ಲಿ ಅಪ್ಪ ಗಡಿಗೆ ಮಾಡುತ್ತಿದ್ದ. ಮಣ್ಣು ಅಗೆದು ತಂದು, ಕಲ್ಲು ಆರಿಸಿ, ಬೂದಿ ಬೆರೆಸಿ ತುಳಿಯುವುದು ಅವ್ವನ ಕೆಲಸ. ನಾನೂ ಆಗ ತಿಗರಿ ತಿರುಗಿಸುವಷ್ಟು ದೊಡ್ಡವನಾಗಿದ್ದೆ.

ಬೇಸಿಗೆಯಲ್ಲಿ ನೀರು ಇಳಿದಾಗ ಕೆರೆಯಂಗಳದ ಜಿಗುಟು ಕಪ್ಪು ಮಣ್ಣು ಕುಂಬಾರರದು. ಆದರೆ ಮೊದಲ ಬುಟ್ಟಿಗಳನ್ನು ಮನೆಗೆ ಒಯ್ಯುವಂತಿರಲಿಲ್ಲ. ಅವುಗಳಿಂದ ಕೆರೆ ಏರಿಯ ಬಿರುಕು ಮೆತ್ತಬೇಕು. ಮೆತ್ತಿದ ಮೇಲೆ ಯಾರನ್ನೂ ಕೇಳಬೇಕಿಲ್ಲ. ನಿಜಾಮನ ಕಾಲದಲ್ಲೂ ಇದು ನಡೆದಿತ್ತು. ಊರಿನ ಲೆಕ್ಕ ಬರೆಯುವ ಪಟವಾರಿ ತನ್ನ ಮನೆಯ ಮದುವೆಗಳಿಗೆ ಬಿಟ್ಟಿ ಗಡಿಗೆ ಒಯ್ಯುತ್ತಿದ್ದ, ಮಣ್ಣಿನ ತಂಟೆಗೆ ಬಂದಿರಲಿಲ್ಲ.

ನಿಜಾಮನನ್ನು ಇಳಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದ ಮೊದಲ ಬೇಸಿಗೆಗೆ ಅದೇ ಪಟವಾರಿ ಡಂಗುರ ಸಾರಿಸಿದ. ಕೆರೆ ಸರ್ಕಾರದ್ದು, ಮಣ್ಣು ಮುಟ್ಟಿದರೆ ಕಳವು. ನಮ್ಮನ್ನು ಬಿಡಿಸಲು ಬಂದ ರಾಜ್ಯ ಮೊದಲು ಬಿಡಿಸಿದ್ದು ನಮ್ಮ ಮಣ್ಣನ್ನು!

ಊರು ಮಲಗಿದ್ದ ಮಧ್ಯಾಹ್ನದ ಬಿಸಿಲಿನಲ್ಲಿ ನಾವು ಮೂವರೂ ಹೋದೆವು. ಅವ್ವ ಮೊದಲ ಬುಟ್ಟಿಯನ್ನು ಹೊತ್ತು ನೇರ ಏರಿಗೆ ನಡೆದಳು.

"ಕದಿಲಾಕ ಬಂದೀವಿ, ಏರಿ ಯಾಕ ಮೆತ್ತಲತ್ತಿ?" ಅಪ್ಪ ಹಲ್ಲು ಕಡಿದ.

"ಮೆತ್ತದೇ ಒಯ್ದ್ರ ಕಳವು ಆಗ್ತದ," ಅಂದಳು ಅವ್ವ.

ಒಣಗಿ ಬಿಳಿಚಿದ ಏರಿಯ ಮೇಲೆ ಆ ಹಸಿ ಕಪ್ಪು ತೇಪೆಗಳು ಊರಿಗೆಲ್ಲ ಕಂಡವು. ಸಂಜೆಗೆ ಪಟವಾರಿ ನಮ್ಮ ಅಂಗಳದಲ್ಲಿದ್ದ.

"ನಿಶಾನಿ ಬಿಟ್ಟು ಹೋಗೋ ಕಳ್ಳರಿಗಿ ಇವತ್ತೇ ನೋಡಿದೆ," ಎಂದು ನಕ್ಕ.

"ನಮ್ಮತ್ತಿನೂ ಹಿಂಗೇ ಮೆತ್ತತಿದ್ಳರಿ ಮಾಲಕ. ನಿಮ್ಮಪ್ಪ ನೋಡ್ಯಾರ," ಅಂದಳು ಅವ್ವ.

"ಅಪ್ಪನ ಮಾತು ಬಿಡು. ಈಗ ರಾಜ್ಯನೇ ಬದಲಾಗ್ಯಾದ."

"ಹೌದ್ರಿ, ನೀವೊಬ್ರೇ ಬದಲಾಗಿಲ್ಲ."

ಅವ್ವ ಈ ಮಾತು ಅಂದದ್ದು ನಿಜವೇ? ಹೈದರಾಬಾದಿನಲ್ಲಿ ಇತಿಹಾಸ ಓದಿದ ಮೇಲೆ ನಾನೇ ಇದನ್ನು ಅವಳ ಬಾಯಿಗೆ ತುರುಕಿರಬಹುದು. ತೀರ ಸೊಗಸಾಗಿದೆ, ಸೊಗಸಾದ ನೆನಪಿನ ಮೇಲೆ ನನಗೆ ಗುಮಾನಿ. ಪಟವಾರಿಯ ತಲೆಯ ಮೇಲೂ ಒಮ್ಮೆ ನಿಜಾಮನ ಕಡೆಯವರ ರೂಮಿ ಟೋಪಿ ಕಾಣುತ್ತದೆ, ಒಮ್ಮೆ ಕಾಂಗ್ರೆಸ್ಸಿನವರ ಬಿಳಿ ಟೋಪಿ.

ಮಣ್ಣಿನ ವಿಷಯದಲ್ಲಿ ಅನುಮಾನವಿಲ್ಲ. ನಮ್ಮ ಕೈಯಿಂದಲೇ ಹೊರಿಸಿ ಅದನ್ನು ಚಾವಡಿಯ ಮುಂದೆ ಸುರಿಸಿದರು. ಅದು ಯಾರಿಗೂ ಬೇಕಿರಲಿಲ್ಲ. ಬಿಸಿಲಿಗೆ ಸೀಳಿತು, ಮಳೆಗೆ ಕರಗಿ ಓಣಿಯಲ್ಲಿ ಹರಿಯಿತು. ಗಡಿಗೆಯಾಗಬೇಕಾದದ್ದನ್ನು ಊರೆಲ್ಲ ತುಳಿದು ಓಡಾಡಿತು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಪ್ಪ ಬೀದರಿನ ಚಿದ್ರಿಗೆ, ಸಂಬಂಧಿಕರ ತಿಗರಿಗೆ ದುಡಿಯಲು ಹೋದ. ಅಲ್ಲಿನದು ಕೆಂಪು, ಗರಸು ಮಣ್ಣು. ಆವಿಗೆಯಲ್ಲಿ ಅವನ ಗಡಿಗೆಗಳು ಒಡೆದವು. ಹಬ್ಬಕ್ಕೆ ಬಂದಾಗ, "ಆ ಮಣ್ಣು ನನ್ನ ಮಾತು ಕೇಳವಲ್ದು," ಎಂದ.

ಮರು ಬೇಸಿಗೆಗೆ ನೀರು ಇಳಿಯಿತು. ಅವ್ವ ಬುಟ್ಟಿ ಹಿಡಿದು ಹೊರಟಳು. ನಾನು ಬೆನ್ನು ಹತ್ತಿದೆ. ಅವಳು ಏರಿ ಮೆತ್ತತೊಡಗಿದಾಗ ತಡೆಯಲಾಗಲಿಲ್ಲ.

"ಮಣ್ಣು ಕೊಡಲ್ದವರ ಕೆರಿ ಯಾಕ ಮೆತ್ತಲತ್ತಿ, ಅವ್ವ?"

"ಅವರ ಕೆರಿ ಅಂತ ನೀನೂ ಅಂತೀಯೇನೋ?"

ಮೆತ್ತಿ ಮುಗಿಸಿ, ಬುಟ್ಟಿ ತುಂಬಿ ತಲೆಯ ಮೇಲಿಟ್ಟುಕೊಂಡು ಹಾಡಹಗಲೇ ಚಾವಡಿಯ ಮುಂದಿನಿಂದ ಮನೆಗೆ ನಡೆದಳು. ಪಟವಾರಿ ಕಟ್ಟೆಯ ಮೇಲೆ ಕೂತಿದ್ದ. ಅಂದು ಅವನು ಯಾವ ಟೋಪಿ ಹಾಕಿದ್ದನೋ ಕಾಣೆ. ಎದ್ದು ಬರಲಿಲ್ಲ, ಅದು ಮಾತ್ರ ಗೊತ್ತು.