ಹನ್ನೊಂದನೇ ಸೂಕ್ಷ್ಮದರ್ಶಕದ ಚುಕ್ಕೆ

ಬೆಳಗ್ಗೆ ಆರಕ್ಕೇ ಕಾಲೇಜಿನ ಜೀವಶಾಸ್ತ್ರ ಪ್ರಯೋಗಾಲಯದ ತುಂಬ ಈರುಳ್ಳಿ ಘಾಟು. ಎಲ್ಲರೂ ಲ್ಯಾಬ್ ಅಕ್ಕ ಎಂದೇ ಕರೆಯುವ ಸಹಾಯಕಿ ಚಿಮಟದಿಂದ ಈರುಳ್ಳಿಯ ಒಳಪೊರೆ ಬಿಡಿಸಿ, ಸ್ಲೈಡಿನ ಮೇಲಿಟ್ಟು, ಒಂದು ಹನಿ ಅಯೋಡಿನ್ ಬಿಡುತ್ತಾರೆ. ಮೇಲೆ ಮುಚ್ಚುವ ತೆಳುಗಾಜನ್ನು ಓರೆಯಾಗಿ ಇಳಿಸುತ್ತಾರೆ. ನೆಟ್ಟಗೆ ಇಳಿಸಿದರೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ. ಮಕ್ಕಳು ಅದನ್ನೇ ಜೀವಕೋಶವೆಂದು ಬರೆದು ಬಣ್ಣವನ್ನೂ ತುಂಬುತ್ತಾರಂತೆ.

ಇವತ್ತು ಪ್ರಾಯೋಗಿಕ ಪರೀಕ್ಷೆ. ಇಪ್ಪತ್ನಾಲ್ಕು ಸೂಕ್ಷ್ಮದರ್ಶಕಗಳು. ಪ್ರತಿಯೊಂದರ ಕಣ್ಣುಗಾಜಿನೊಳಗೂ ಅಕ್ಕನದೇ ತಲೆಗೂದಲಿನ ತುಂಡು ಅಂಟಿಸಿದೆ. ಅದರ ತುದಿ ತೋರಿಸುವ ಭಾಗ ಯಾವುದೆಂದು ಮಕ್ಕಳು ಬರೆಯಬೇಕು. ಈಗೀಗ ತಲೆಯಲ್ಲಿ ಕರಿಗೂದಲು ಹುಡುಕುವುದಕ್ಕೇ ಒಂದು ಸೂಕ್ಷ್ಮದರ್ಶಕ ಬೇಕೆಂದು ನಗುತ್ತಾರೆ.

ಆದರೆ ಎಲ್ಲವನ್ನೂ ಇಟ್ಟು ಮುಗಿಸಿದವರು ಮತ್ತೆ ಹನ್ನೊಂದನೆಯದರ ಮುಂದೆ ಬಗ್ಗಿದ್ದಾರೆ. ಲ್ಯಾಬಿನಲ್ಲಿ ಜತೆಗೆ ಕೆಲಸ ಮಾಡುವ ನನ್ನನ್ನೂ ನೋಡಲು ಕರೆಯುತ್ತಾರೆ. ಇಟ್ಟಿಗೆಗಳಂತೆ ಜೋಡಿಸಿದ ಜೀವಕೋಶಗಳು, ಒಂದೊಂದರಲ್ಲೂ ಕಂದು ಚುಕ್ಕೆಯಾಗಿ ಕೋಶಕೇಂದ್ರ. ಕೂದಲಿನ ತುದಿಯಲ್ಲಿ ಮಾತ್ರ ಏನೂ ಇಲ್ಲ. ಹಾಗೆಂದು ಹೇಳಿದ ತಕ್ಷಣ ಅವರ ಮುಖ ಸಪ್ಪಗಾಗುತ್ತದೆ. ಅವರಿಗೆ ಅಲ್ಲೊಂದು ಚುಕ್ಕೆ ಕಾಣುತ್ತಿದೆ, ಅದನ್ನೇ ಕೋಶಕೇಂದ್ರವೆಂದು ಕೂದಲಿನ ತುದಿಗೆ ತಂದಿಟ್ಟಿದ್ದಾರೆ.

ಇಪ್ಪತ್ತೆರಡು ವರ್ಷಗಳಿಂದ ಅವರು ಮಕ್ಕಳಿಗೆ ಹೇಳಿಕೊಟ್ಟ ಉಪಾಯವೊಂದಿದೆ. ಬೇಡದ ಚುಕ್ಕೆ ಕಂಡರೆ ಸ್ಲೈಡ್ ಸರಿಸಬೇಕು. ಜತೆಗೇ ಸರಿದರೆ ಅದು ಸ್ಲೈಡಿನದು. ಕಣ್ಣುಗಾಜು ತಿರುಗಿಸಬೇಕು, ಜತೆಗೇ ತಿರುಗಿದರೆ ಅಲ್ಲಿನ ಧೂಳು. ಅಕ್ಕ ಎರಡನ್ನೂ ಮಾಡುತ್ತಾರೆ. ಚುಕ್ಕೆ ಯಾವುದಕ್ಕೂ ಜಗ್ಗುವುದಿಲ್ಲ. ಎಡಗಣ್ಣಲ್ಲಿ ನೋಡಿದರೆ ಮಾಯ.

"ಹದಿನೈದು ದಿನದಿಂದ ಒರೆಸ್ತಾನೇ ಇದೀನಿ. ಗಾಜಲ್ಲಿದ್ರೆ ತಾನೇ ಹೋಗೋದು," ಎನ್ನುತ್ತಾರೆ ಮೆಲ್ಲಗೆ.

ಮನೆಯಲ್ಲಿ ಮಗಳಿಗೂ ಹೇಳಿಲ್ಲ. ಕಣ್ಣು ಕೈಕೊಟ್ಟರೆ ಕೆಲಸ ಹೋಗುತ್ತದೆಂಬ ದಿಗಿಲು. ಹನ್ನೊಂದನೆಯದನ್ನು ಸರಿಮಾಡಿ ಸುಮ್ಮನಿರಬಹುದು, ಯಾರಿಗೂ ತಿಳಿಯುವುದಿಲ್ಲ. ಆದರೆ ಉಳಿದ ಇಪ್ಪತ್ತಮೂರನ್ನೂ ಅದೇ ಕಣ್ಣು ನೋಡಿಟ್ಟಿದೆ. ಹೊರಗೆ ಮಕ್ಕಳ ಗಲಾಟೆ ಶುರುವಾಗಿದೆ.

ಉಪನ್ಯಾಸಕಿ ಒಳಗೆ ಬರುತ್ತಾರೆ. ಅವರೂ ಒಂದು ಕಾಲಕ್ಕೆ ಇದೇ ಮೇಜಿನಲ್ಲಿ ಗಾಳಿಗುಳ್ಳೆಗೆ ಬಣ್ಣ ತುಂಬಿದವರು. ಅಕ್ಕ ಇಟ್ಟ ಮೇಲೆ ತಾನು ನೋಡುವುದೇನಿದೆ ಎನ್ನುತ್ತಾ ನೇರವಾಗಿ ಬಾಗಿಲು ತೆರೆಸಲು ಹೊರಡುತ್ತಾರೆ. ಇಷ್ಟು ವರ್ಷ ಯಾರೂ ನೋಡಿಲ್ಲ. ಅಕ್ಕನಿಗೆ ಸಿಕ್ಕಿದ ಬಿರುದೆಂದರೆ ಅದೊಂದೇ.

ಅಕ್ಕ ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ.

"ಇವತ್ತು ನೋಡಿ ಮೇಡಂ. ಒಂದೊಂದನ್ನೂ ನೋಡಿ. ಚುಕ್ಕೆ ಇರೋದು ನನ್ನ ಕಣ್ಣಲ್ಲಿ, ಅಂಕ ಹೋಗೋದು ಮಕ್ಕಳದ್ದು."